ಮರಳಿನ ದಾರಿಗೆ ನಾನು ಕೊಟ್ಟ ಒಪ್ಪಿಗೆ

ಪೀಣ್ಯದ ಫೌಂಡ್ರಿಯಲ್ಲಿ ಮರಳಿನ ಅಚ್ಚು ಕಟ್ಟುತ್ತಾ ಇಪ್ಪತ್ತೆರಡು ವರ್ಷವಾಯಿತು. ಮರಳಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಿಲ್ಲ ಅನ್ನುವ ಕೊಬ್ಬು ಮೊದಲಿನಿಂದ ಇತ್ತು, ಈಗ ಸ್ವಲ್ಪ ಇಳಿದಿದೆ. ಒದ್ದೆ ಮರಳನ್ನು ಮುಷ್ಟಿಯಲ್ಲಿ ಹಿಂಡಿ ಉಂಡೆ ಮಾಡಿ ನಡುವೆ ಮುರಿಯುತ್ತೇವೆ. ಅಂಚು ಉದುರದಿದ್ದರೆ ಆ ಮರಳು ಕರಗಿದ ಕಬ್ಬಿಣವನ್ನೂ ತಡೆದುಕೊಳ್ಳುತ್ತದೆ. ಮಗಳು ಚಿಕ್ಕವಳಿದ್ದಾಗ ಡಬ್ಬಿಯಲ್ಲಿ ಮರಳು ತಂದು, ಬಾಗಲಗುಂಟೆಯ ನಮ್ಮ ಮನೆಯಲ್ಲೇ ಅವಳಿಗೂ ಇದನ್ನು ಕಲಿಸಿದ್ದೆ.

ಕಳೆದ ವರ್ಷ ಅವಳು ಡಿಗ್ರಿ ಕಾಲೇಜಿನ ಭೂಗೋಳದ ಕ್ಲಾಸಿನವರ ಜೊತೆ ಕರಾವಳಿಗೆ ಟೂರ್ ಹೋದಳು. ಬೆಳಗಿನ ಟೀ ಹೊತ್ತಿಗೆ ನನ್ನ ಫೋನಿಗೆ ಫೋಟೋ ಬಂತು. ನೀರು ಇಳಿದು, ದಡದಿಂದ ಎದುರಿನ ನಡುಗಡ್ಡೆಯವರೆಗೆ ಮರಳಿನ ದಾರಿಯೊಂದು ಎದ್ದಿತ್ತು. ಎರಡೂ ಪಕ್ಕದಿಂದ ಅಲೆಗಳು ಮರಳು ತಂದು ಪೇರಿಸಿ ಮಾಡಿದ ದಾರಿ ಅಂತ ಕೆಳಗೆ ಬರೆದಿದ್ದಳು. ಇನ್ನೊಂದು ಫೋಟೋದಲ್ಲಿ ಅವಳ ಅಂಗೈ ಮೇಲೆ ಮುರಿದ ಮರಳುಂಡೆ. ‘ಮೇಡಂ ಇನ್ನೂ ಬಸ್ಸಿಂದ ಇಳಿದಿಲ್ಲ. ಹೋಗ್ಲಾ ಅಪ್ಪಾ?’

ನನಗೋ ಹಿಗ್ಗೋ ಹಿಗ್ಗು. ‘ಅಂಚು ಸಕ್ಕತ್ತಾಗಿದೆ. ಏನೂ ಆಗಲ್ಲ, ಹೋಗು’ ಅಂತ ಟೈಪ್ ಮಾಡಿ, ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ಅಂಕೋಲೆಯ ಗೆಳೆಯನಿಗೂ ತೋರಿಸಿದೆ. ಅವನು ಗ್ಲಾಸು ಕೆಳಗಿಟ್ಟ.

‘ಮರಳು ಗಟ್ಟಿ ಇದೆ ಮಾರಾಯಾ. ನೀರು ಎಷ್ಟೊತ್ತಿಗೆ ವಾಪಸ್ ಬರುತ್ತೆ ಅಂತ ಕೇಳಿದ್ಯಾ? ಉಬ್ಬರ ಶುರುವಾದ್ರೆ ಆ ದಾರೀನೇ ಇರಲ್ಲ.’

ನನಗೆ ಅದು ಹೊಳೆದೇ ಇರಲಿಲ್ಲ. ನಾನು ಹುಟ್ಟಿ ಬೆಳೆದ ಕೊಪ್ಪಳದ ಕಡೆ, ಇಳಿದ ನೀರು ಅದೇ ದಿನ ತಿರುಗಿ ಬಂದದ್ದನ್ನು ಯಾರೂ ಕಂಡಿಲ್ಲ. ಫೋನ್ ಮಾಡಿದೆ. ನಾಟ್ ರೀಚಬಲ್. ‘ವಾಪಸ್ ಬಾ’ ಅಂತ ಹತ್ತು ಸಲ ಬರೆದೆ, ಒಂದೂ ತಲುಪಲಿಲ್ಲ. ಅವಳಿಗೆ ಈಜು ಬರುವುದಿಲ್ಲ. ಅಷ್ಟರಲ್ಲಿ ಕೆಲಸಕ್ಕೆ ಕರೆ ಬಂತು. ಎರಡು ಅಚ್ಚು ಕೆಡಿಸಿದೆ.

‘ಏನ್ ಗುರು, ಹುಷಾರಿಲ್ವಾ?’ ಅಂದ ಸೂಪರ್‌ವೈಸರ್.

‘ಹೂಂ’ ಅಂದೆ. ನನ್ನ ಕೈಯಾರೆ ಮಗಳನ್ನು ನೀರಿಗೆ ಕಳಿಸಿದೆ ಅಂತ ಯಾವ ಬಾಯಲ್ಲಿ ಹೇಳಲಿ? ಕೆಲಸದ ನಡುವೆಯೇ ಅವಳನ್ನು ಕಾಪಾಡು ಅಂತ ದೇವರನ್ನು ಬೇಡಿಕೊಳ್ಳುತ್ತಿದ್ದೆ.

ಊಟದ ಬೆಲ್ ಆದ ಮೇಲೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು.

‘ಅಪ್ಪಾ, ನಾನೇ. ವಾಪಸ್ ಬರೋವಾಗ ನೀರು ಎದೆವರೆಗೂ ಬಂದ್ಬಿಡ್ತು. ಮೀನು ಹಿಡಿಯೋರು ನಾಲ್ಕೂ ಜನಾನ ದೋಣೀಲಿ ಎತ್ಕೊಂಡ್ರು. ಎಲ್ರೂ ಚೆನ್ನಾಗಿದೀವಿ. ಫೋನ್ ನೀರುಪಾಲಾಯ್ತು, ಬೈಬೇಡ.’

‘ಫೋನ್ ಹೋದ್ರೆ ಹೋಗ್ಲಿ ಬಿಡು’ ಅಂದೆ. ಆಮೇಲೆ ಕೇಳಿದೆ, ‘ನಾಲ್ಕು ಜನಾನಾ?’

‘ಹೂಂ. ನನ್ನ ಕ್ಲಾಸಿನ ಮೂವರು ಹೆದ್ರಿ ದಡದಲ್ಲೇ ನಿಂತಿದ್ರು. ನಿನ್ನ ಮೆಸೇಜ್ ತೋರಿಸಿದ್ಮೇಲೇ ನನ್ನ ಹಿಂದೆ ಬಂದಿದ್ದು.’

ಅಷ್ಟು ಹೊತ್ತೂ ನಾನು ದೇವರಲ್ಲಿ ಬೇಡಿಕೊಂಡದ್ದು ಒಬ್ಬಳಿಗಾಗಿ ಮಾತ್ರ.