ಬಾಣಂತಿ ಗವಿ

ನಮ್ಮ ದೇವದುರ್ಗ ಸೀಮೆಯಲ್ಲಿ ಹೊಟ್ಟೆಕಿಚ್ಚಿಗೆ ಕೊರತೆಯಿಲ್ಲ. ಆದರೆ ನೀಲಗಂಗಮ್ಮನದು ಊರವರೆಲ್ಲ ಕೈ ಕಾಯಿಸಿಕೊಳ್ಳುವಂಥ ಕಿಚ್ಚು. ಗುಡ್ಡದ ಗವಿಯಲ್ಲಿ ಕಸ ಗುಡಿಸಿ ಲಿಂಗಕ್ಕೆ ನೀರೆರೆಯುವುದು ಅವಳ ಕಾಯಕ. ಮಾನ್ವಿ ಕಡೆಯ ಇನ್ನೊಂದು ಗವಿಯಲ್ಲಿ ಅದೇ ಕಾಯಕ ಅವಳ ಅಕ್ಕ ಮಹಾಂತಮ್ಮನದು. ಅಕ್ಕನ ಗವಿಗೆ ಬಣ್ಣದ ಲೈಟು ಬಂತು, ಮೈಕು ಬಂತು, ರವಿವಾರ ಶಕ್ತಿನಗರದಿಂದ ಗಾಡಿಗಟ್ಟಲೆ ಮಂದಿ ಬಂದರು. ತಂಗಿಯ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು.

ಇವಳ ಗವಿಯ ಪದ್ಧತಿಯೇ ಬೇರೆ. ಬೇಸಿಗೆಯಲ್ಲಿ ಅಲ್ಲಿ ಬಾವಲಿಗಳು ಮರಿ ಹಾಕುತ್ತವೆ. ಆಗ ಅದು ಬಾಣಂತಿ ಕೋಣೆಯೆಂದೇ ಲೆಕ್ಕ: ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಬೇಕು, ದೀಪ ಹೊರಗೇ ಇಡಬೇಕು, ನಾಲ್ಕೈದು ಮಂದಿಯಷ್ಟೇ ಗೋಡೆ ಹಿಡಿದು ಒಳಗೆ ಹೋಗಬೇಕು. ಬರೀ ಕತ್ತಲು ನೋಡಲು ಯಾರು ಬರುತ್ತಾರೆ? ಈ ಸಲ ನೀಲಗಂಗಮ್ಮ ಬಟ್ಟೆ ಸುತ್ತಲಿಲ್ಲ. ರಾಯಚೂರಿನಿಂದ ಲೈಟಿನ ಮೌನೇಶನನ್ನು ಕರೆಸಿದಳು.

"ನಮ್ಮಕ್ಕನ ಗವ್ಯಾಗ ಎಷ್ಟು ಲೈಟ್ ಅದಾವ, ಅದಕ್ಕಿಂತ ಒಂದು ಹೆಚ್ಚಿಗಿ ಹಾಕಪಾ."

ಮೌನೇಶ ವೈರು ಬಿಚ್ಚುತ್ತಿರುವಾಗಲೇ ಮಹಾಂತಮ್ಮ ಬಂದಳು, ರೇಷ್ಮೆ ಸೀರೆಯಲ್ಲಿ. ಸೀರೆ ಕಂಡೇ ತಂಗಿಗೆ ಮೈ ಉರಿಯಿತು. ಅಕ್ಕ ನೇರ ಗವಿಯೊಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ. ನೀಲಗಂಗಮ್ಮ ಹಿಂದೆಯೇ ಹೋದರೆ ಮೇಲೆ ಮರಿಗಳ ಚೀಂವ್‌ಚೀಂವ್, ಕೆಳಗೆ ಅಕ್ಕನ ಬಿಕ್ಕು.

"ನಿಂದು ಪುಣ್ಯ ಬಿಡಲೇ ನೀಲಾ. ಲೈಟ್ ಹಾಕಿದ ವರ್ಷನ ನಮ್ಮ ಬಾವಲಿ ಎಲ್ಲಾ ಎದ್ದು ಹೋದ್ವು. ನೆಲಕ್ಕ ಬಿದ್ದ ಮರಿ ನಾನ ಕಸಬರಿಗಿಲೆ ಬಳದೀನಿ. ಈಗ ಲೈಟಿನ ಮಗ್ಗಲಕ ಗೋಡಿಗೆಲ್ಲ ಪಾಚಿ ಹಿಡದದ. ಮಂದಿ ಅದಾರ, ಗವಿ ಬಣಬಣ ಅಂತದ. ನಿನ್ನ ನೋಡಿ ಹೊಟ್ಟಿ ಉರಿಯಾಕತ್ತದ ನನಗ."

ಅಕ್ಕನಿಗೆ ತನ್ನನ್ನು ಕಂಡು ಹೊಟ್ಟೆ ಉರಿ! ಹುಟ್ಟಿದಾಗಿನಿಂದ ಇದೇ ಮೊದಲು. ನೀಲಗಂಗಮ್ಮ ಅಕ್ಕನ ಬೆನ್ನು ಸವರಿದ್ದು ನಿಜ, ತಾನೂ ಅತ್ತಿದ್ದು ನಿಜ. ಆದರೆ ಒಳಗೊಳಗೇ ಹೋಳಿಗೆ ಉಂಡಷ್ಟು ಸುಖವಾಯಿತು. ಹೊರಗೆ ಬಂದವಳೇ "ವೈರ್ ಸುತ್ತಿಗೊಂಡು ನಡಿಯಪಾ" ಎಂದು ಮೌನೇಶನನ್ನು ಕಳಿಸಿದಳು. ಸೆರಗಿನ ಅಂಚು ಹರಿದು ಗಂಟೆಯ ನಾಲಿಗೆಗೆ ಸುತ್ತಿದಳು.

ಈಗ ಕತ್ತಲಲ್ಲಿ ಮರಿಗಳ ದನಿ ಕೇಳಲೆಂದೇ ಅಲ್ಲಿಗೂ ಮಂದಿ ಬರುತ್ತಾರೆ. ಮೊಬೈಲು ಅವಳ ಬುಟ್ಟಿಯಲ್ಲಿಟ್ಟು ಸರದಿಯಲ್ಲಿ ಒಳಗೆ ಹೋಗುತ್ತಾರೆ; ಟಾರ್ಚ್ ಹಚ್ಚಿದವರಿಗೆ ಬೈಗುಳವೇ ಪ್ರಸಾದ. ಮೂಕಪ್ರಾಣಿಗಳ ಮೇಲೆ ಎಂಥ ಕರುಣೆ ಎಂದು ಜನ ಕೈಮುಗಿಯುತ್ತಾರೆ. ಅವಳು ಮಾತ್ರ ಹೊರಟವರನ್ನೆಲ್ಲ ತಡೆದು ಕೇಳುತ್ತಾಳೆ:

"ಮಾನ್ವಿ ಕಡಿಗಿ ಹೊಂಟೀರೇನ್ರಿ? ಹಂಗಾರ ನಮ್ಮಕ್ಕಗ ಹೇಳ್ರಿ, ಈ ವರ್ಷನೂ ಗವಿ ತುಂಬ ಮರಿ ಅದಾವ ಅಂತ."