ವಿಭೂತಿ ಹಚ್ಚಿಕೊಂಡ ಕಾಫಿ ಮಷೀನು

ಕಾರ್ಖಾನೆಗಳ ಬಾಯ್ಲರ್ ತಪಾಸಣೆ ಮಾಡಿ ಮಾಡಿ ನನಗೆ ಉಗಿ ಕಂಡಲ್ಲೆಲ್ಲ ಸಂಶಯ. ತೊಂಬತ್ತರ ದಶಕದ ಒಂದು ಆಯುಧಪೂಜೆಯ ದಿನ ಹುಬ್ಬಳ್ಳಿಯ ಹೋಟೆಲೊಂದಕ್ಕೆ ಹೋದೆ. ಗಲ್ಲೆಯ ಪಕ್ಕ ಹಳೆಯ ಎಸ್ಪ್ರೆಸ್ಸೊ ಮಷೀನು ಭುಸುಗುಡುತ್ತಿತ್ತು. ಅದರೊಳಗಿನ ಉಗಿಯ ಒತ್ತಡವೇ ಬಿಸಿನೀರನ್ನು ಕಾಫಿಪುಡಿಯೊಳಗೆ ನುಗ್ಗಿಸುವುದು. ಆ ಒತ್ತಡ ತೋರಿಸುವ ಮೀಟರಿಗೇ ಮಾಲೀಕರು ಗಾಜು ಕಾಣದಂತೆ ವಿಭೂತಿ ಬಳಿದಿದ್ದರು!

"ಇದನ್ನ ಒರಸ್ರಿ ಕಾಕಾ, ಮುಳ್ಳು ಕಾಣವಲ್ದು."

"ಪೂಜಿ ಮಾಡಿದ್ದನ್ನ ನಾಳಿತನಕ ಒರಸಬಾರದ್ರಿ."

"ಒತ್ತಡ ಹೆಚ್ಚಾದ್ರ ಇಷ್ಟೂ ಮಂದಿ ಮ್ಯಾಲೆ ಸಿಡೀತದ."

ನಾನೇ ಕರವಸ್ತ್ರದಿಂದ ಒರೆಸಿದೆ. ಉಗಿ ಅಷ್ಟು ಅಬ್ಬರಿಸುತ್ತಿದ್ದರೂ ಮುಳ್ಳು ಸೊನ್ನೆಯ ಮೇಲೆ ಆರಾಮಾಗಿ ಮಲಗಿತ್ತು.

"ಇವತ್ತು ಅದಕ್ಕ ರಜಾರಿ," ಎಂದರು ಮಾಲೀಕರು.

ಕೆಳಗಿನ ಗ್ಯಾಸ್ ಆರಿಸುವ ತನಕ ನಾನು ಬಿಡಲಿಲ್ಲ. ಉಳಿದ ಉಗಿಯಲ್ಲೇ ಅವರು ನನಗೊಂದು ಕಪ್ ಮಾಡಿಕೊಟ್ಟರು. ಕಾಫಿ ಛಲೋ ಇತ್ತು. ಆದರೂ ರಸ್ತೆ ದಾಟಿ, ಎದುರಿನ ಅಂಗಡಿಯ ಕಟ್ಟೆ ಮೇಲೆ ಕೂತೇ ಕುಡಿದೆ.