ಏಕ್-ದೋನ್

ಆಗೆಲ್ಲ ನಮ್ಮ ಹೊಳೆದಂಡೆಯ ಊರುಗಳಲ್ಲಿ ದೋಣಿ ಪಂದ್ಯಕ್ಕೆ ಎರಡು ಹಂಗಾಮು ಇದ್ದವು. ಶ್ರಾವಣದಲ್ಲಿ ಕೃಷ್ಣೆ ಮೈದುಂಬಿದಾಗ ಸಣ್ಣ ಶರ್ಯತ್ತು. ನಮ್ಮ ಘಾಟಿನಿಂದ ಪಂಪಿನ ಮನೆಯವರೆಗೆ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ದಸರೆ ಕಳೆದು ನೀರು ತಿಳಿಯಾದ ಮೇಲೆ ಉದ್ದನೆಯ ಶರ್ಯತ್ತು. ಬೆಳಕು ಹರಿಯುತ್ತಲೇ ಹೊರಟರೆ ಯಡೂರಿನ ಗುಡಿಯ ಮೆಟ್ಟಿಲು ಮುಟ್ಟುವಾಗ ನ್ಯಾರಿ ಹೊತ್ತು, ಬೆಳಗಿನ ತಿಂಡಿಯ ಸಮಯ. ಎರಡಕ್ಕೂ ದೋಣಿ ಒಂದೇ, ಹುಡುಗಿಯರು ನಾವು ಅದೇ ಆರು ಮಂದಿ.

ಕಲಿಸುತ್ತಿದ್ದವರು ಬಾಬು ಕಾಕಾ, ಸೇತುವೆ ಆಗುವ ಮೊದಲು ಜನರನ್ನು ಹೊಳೆ ದಾಟಿಸುತ್ತಿದ್ದವರು. ನಮ್ಮ ದೋಣಿ ಮಗುಚದಿರಲೆಂದು ಅವರು ಒಂದು ಬದಿಗೆ ಎರಡು ಗಳ ಚಾಚಿ, ತುದಿಗೆ ಬಿದಿರಿನ ಕಟ್ಟು ಬಿಗಿದಿದ್ದರು. ಅದನ್ನು ನೋಡಿ ಆಚೆ ದಂಡೆಯವರು "ಕೋಲ ಹಿಡದ ಮುದಕಿ ಬಂದ್ಳು" ಎಂದು ನಗುತ್ತಿದ್ದರು.

ಅವೇ ತೋಳುಗಳಿಗೆ ಎರಡು ವೇಗ ಕಲಿಸಲು ಕಾಕಾ ಒಂದು ಉಪಾಯ ಮಾಡಿದ್ದರು. ಸಣ್ಣ ಶರ್ಯತ್ತಿಗೆ ಎಣಿಕೆ ಮರಾಠಿಯಲ್ಲಿ, ಉದ್ದನೆಯದಕ್ಕೆ ಕನ್ನಡದಲ್ಲಿ.

"ಏಕ್-ದೋನ್ ಅಂದ್ರ ಬೆನ್ನಿಗೆ ನಾಯಿ ಬಿದ್ದಂಗ ಎಳೀರಿ. ಒಂದು, ಎರಡು ಅಂದ್ರ ಆಯಿ ರೊಟ್ಟಿ ಬಡದಂಗ. ಎರಡೂ ಕಲಸಬ್ಯಾಡ್ರಿ, ಕೈಗೆ ತಿಳಿಯೂದಿಲ್ಲ."

ಎಣಿಸುವವಳು ಮುಂದಿನ ಹಲಗೆಯ ಮೇಲೆ ಕೂರಬೇಕು. ನಾನು ಎಂಟನೇ ಇಯತ್ತೆಯಲ್ಲಿದ್ದ ಆ ಶ್ರಾವಣದಲ್ಲಿ ಅಲ್ಲಿ ಕೂತವಳು ನಾನು. ಗೆದ್ದೆವು, ತಾಮ್ರದ ಕೊಡ ಬಂತು. ಭಾದ್ರಪದದಲ್ಲಿ ಬಸದಿಯ ಪರ್ವ. ಹತ್ತು ದಿನ ಒಪ್ಪೊತ್ತಿನ ಊಟ, ಹುಟ್ಟು ಮುಟ್ಟುವ ಹಾಗಿರಲಿಲ್ಲ. ಆ ಹತ್ತು ದಿನವೂ ಪಡಸಾಲೆಯಲ್ಲಿಟ್ಟ ಕೊಡವನ್ನು ನೋಡುತ್ತ ಕೂತಿದ್ದೆ.

ದಸರೆ ಮುಗಿದ ಮರುದಿನ ಕಾಕಾ ಮುಂದಿನ ಹಲಗೆಗೆ ದೊಡ್ಡಪ್ಪನ ಮಗಳು ಸುಜಾತಕ್ಕನನ್ನು ಕೂರಿಸಿದರು. ನನಗೆ ಮೂರನೇ ಹಲಗೆ.

"ಕಾಕಾ, ಕೊಡ ಗೆಲ್ಲಿಸಿದಾಕಿ ನಾನ ಅಲ್ಲೇನ್ರಿ?"

"ಹೌದವಾ. ನೀ ಕಡ್ಡಿ ಗೀರಿದಂಗ ಉರೀತಿ. ಆಕಿ ಕುಳ್ಳಿನ ಒಲಿ ಇದ್ದಂಗ. ಯಡೂರ ದೂರ ಐತಿ."

ಹೊಟ್ಟೆಯಲ್ಲಿ ಖಾರ ಅರೆದಂತಾಯಿತು. ಅಂದಿನಿಂದ ಸುಜಾತಕ್ಕನ ಜಡೆ, ನಡಿಗೆ, ದಣಿಯದ ಉಸಿರು ಯಾವುದೂ ನನಗೆ ಸೇರದಾಯಿತು. ಬೆಲ್ಲದ ಗಾಣಗಳು ಶುರುವಾಗಿ ಹೊಳೆಯ ಮೇಲೆಲ್ಲ ಕುದಿಯುವ ಕಬ್ಬಿನ ಹಾಲಿನ ವಾಸನೆ. ಹೊತ್ತು ಮುಳುಗುವ ಮೊದಲೇ ಉಣ್ಣಬೇಕಾದ ಜೈನರ ಮನೆ ನಮ್ಮದು; ನಾವಿಬ್ಬರೂ ತಾಲೀಮು ಮುಗಿಸಿ ಒದ್ದೆ ಲಂಗದಲ್ಲಿ ಮನೆಗೆ ಓಡುತ್ತಿದ್ದೆವು. ನಮ್ಮಿಬ್ಬರ ಅಜ್ಜಿ, ಆಯಿ, ಶೇಂಗಾ ಹೋಳಿಗೆಯನ್ನು ಅವಳ ತಾಟಿಗೆ ಮೊದಲು ಹಾಕುವಳು.

"ಮುಂದ ಕುಂದ್ರಾಕಿ ಗಟ್ಟಿ ಇರಬೇಕವಾ."

ನನಗೂ ಅಷ್ಟೇ ಹಾಕುತ್ತಿದ್ದಳು, ಆದರೆ ಅವಳ ನಂತರ. ನಾನು ಅದನ್ನು ತಾಟಿನ ಅಂಚಿಗೆ ಸರಿಸಿಬಿಡುತ್ತಿದ್ದೆ.

ಸುಜಾತಕ್ಕನದು ಮರುವರ್ಷ ಹತ್ತನೇ ಇಯತ್ತೆ. ದೊಡ್ಡಪ್ಪ ಊಟಕ್ಕೆ ಕೂತಾಗ ಎಲ್ಲರೆದುರೇ ಹೇಳಿದ್ದರು: "ಯಡೂರ ಗೆದ್ದ ಬಂದ್ರ ಮುಂದಿನ ವರ್ಷಾನೂ ಹೋಗು. ಸೋತ್ರ ಹುಟ್ಟ ಅಟ್ಟಕ್ಕ." ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ.

ಶರ್ಯತ್ತಿನ ದಿನ ಅರ್ಧ ದಾರಿಯವರೆಗೂ ನಾವೇ ಮುಂದೆ. "ಒಂದು... ಎರಡು..." ಎಂದು ಸುಜಾತಕ್ಕ ಎಣಿಸುತ್ತಿದ್ದಳು. ದಂಡೆಯ ಮೇಲೆ ಜನ "ಸುಜಾತಾ! ಸುಜಾತಾ!" ಎಂದು ಕೂಗುತ್ತಿದ್ದರು. ನನ್ನ ಹೆಸರು ಒಬ್ಬರ ಬಾಯಲ್ಲೂ ಇರಲಿಲ್ಲ. ಅಷ್ಟರಲ್ಲಿ ಆಚೆ ದಂಡೆಯ ದೋಣಿ ನಮ್ಮ ಪಕ್ಕಕ್ಕೆ ಬಂತು. ಅವಳು ಎಣಿಕೆ ಬದಲಿಸಲಿಲ್ಲ.

ನಾನು ಮೂರನೇ ಹಲಗೆಯಿಂದ ಕಿರುಚಿದೆ: "ಏಕ್! ದೋನ್! ಏಕ್! ದೋನ್!"

ಉಳಿದ ನಾಲ್ವರ ತೋಳುಗಳೂ ನನ್ನ ಮಾತು ಕೇಳಿದವು. ದೋಣಿ ಜಿಗಿದು ಮುಂದೆ ಹೋಯಿತು. ಖರೆ ಹೇಳುತ್ತೇನೆ, ಅಷ್ಟು ಸುಖ ನನಗೆ ಮತ್ತೆಂದೂ ಸಿಕ್ಕಿಲ್ಲ. ಸುಜಾತಕ್ಕ ಒಮ್ಮೆ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ತಾನೂ ಅದೇ ವೇಗಕ್ಕೆ ಎಳೆದಳು.

ಯಡೂರಿನ ಗುಡಿಯ ಶಿಖರ ಕಂಡಾಗ ನಮ್ಮ ತೋಳಲ್ಲಿ ಏನೂ ಉಳಿದಿರಲಿಲ್ಲ. ಆಚೆಯವರು ರೊಟ್ಟಿ ಬಡಿದಂತೆ ಹುಟ್ಟು ಹಾಕುತ್ತ ನಮ್ಮನ್ನು ದಾಟಿ ಹೋದರು.

ದಂಡೆಗುಂಟ ಮೋಟಾರ್ ಸೈಕಲ್ ಮೇಲೆ ಬಂದಿದ್ದ ಕಾಕಾ ಕೂಗು ಕೇಳಿದ್ದರು. ದನಿ ಯಾರದೆಂದು ಗೊತ್ತಾಗಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೇಳಿದರು.

"ಏಕ್-ದೋನ್ ಅಂದಾಕಿ ಯಾರ?"

ನಾಲ್ವರೂ ನೀರು ನೋಡಿದರು. ನಾನು ನನ್ನ ಅಂಗೈಯ ಬೊಬ್ಬೆ ನೋಡಿಕೊಂಡೆ.

"ನಾನರಿ ಕಾಕಾ," ಎಂದಳು ಸುಜಾತಕ್ಕ. "ಬಾಯಿ ತಪ್ಪಿ ಬಂತ್ರಿ."

ಅವಳ ಹುಟ್ಟು ಅಟ್ಟಕ್ಕೇರಿತು. ಮರುವರ್ಷ ಎರಡೂ ಹಂಗಾಮಿಗೆ ಮುಂದಿನ ಹಲಗೆ ನನ್ನದೇ ಆಯಿತು.

ಈಗ ನಮ್ಮ ಊರಿನ ಮಂಡಳಕ್ಕೆ ಎರಡು ಫೈಬರ್ ದೋಣಿ. ಸಣ್ಣ ಶರ್ಯತ್ತಿಗೆ ಒಂದು ತಂಡ, ಉದ್ದನೆಯದಕ್ಕೆ ಬೇರೆಯೇ ತಂಡ. ಎಣಿಸುವವರಿಲ್ಲ, ಸೀಟಿ ಊದುತ್ತಾರೆ. ಕಾಕಾ ಹೋದರು, ಬಿದಿರಿನ ಕಟ್ಟೂ ಹೋಯಿತು. ನಾನು ಮಾಡಿದ್ದನ್ನು ಮಾಡಬೇಕೆಂದರೂ ಈಗಿನ ಹುಡುಗಿಯರಿಗೆ ಆಗದು.

ಮೊನ್ನೆ ದೀಪಾವಳಿಗೆ ತವರಿಗೆ ಬಂದಿದ್ದ ಸುಜಾತಕ್ಕ ಘಾಟಿನ ಮೇಲೆ ಕೂತು ಮಗಳಿಗೆ ಹೇಳುತ್ತಿದ್ದಳು: "ಇಲ್ಲೇ ನೋಡ. ನಾ ಒಮ್ಮಿ ಎಣಿಕಿ ತಪ್ಪಿ ಎಲ್ಲಾರ್ನೂ ಸೋಲಿಸಿದ್ನಿ." ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗಳೂ ನಕ್ಕಳು.

ಪಕ್ಕದಲ್ಲೇ ಕೂತಿದ್ದ ನಾನು ಆಗಲೂ ಬಾಯಿ ಬಿಡಲಿಲ್ಲ. ಹೊಳೆಯ ದಂಡೆಯಲ್ಲಿ ಕೂತು ಹಾಗೆ ನಗಲು ನನಗೆ ಇವತ್ತಿಗೂ ಬರುವುದಿಲ್ಲ. ಆ ನಗು ಕೇಳಿ ಹೊಟ್ಟೆಯಲ್ಲಿ ಮತ್ತೆ ಅದೇ ಖಾರ.